ಅತ್ತೆಯ ಕಾಲಡಿಯ ಕಲ್ಲುಗಳು

ಈ ಸ್ಪ್ಯಾನರ್ ಮುಟ್ಟಿ ಆಣೆ ಮಾಡುತ್ತೇನೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸುಳ್ಳು ಹೇಳುವ ಅಭ್ಯಾಸವಿದ್ದಿದ್ದರೆ ನಾನು ಇಪ್ಪತ್ತು ವರ್ಷದಿಂದ ಸೈಕಲ್ ರಿಪೇರಿ ಮಾಡುತ್ತಾ ಕೂತಿರುತ್ತಿರಲಿಲ್ಲ, ಸೈಕಲ್ ಮಾರುವ ಅಂಗಡಿ ಇಟ್ಟಿರುತ್ತಿದ್ದೆ. ನಿಮ್ಮ ಹಿಂದಿನ ಬ್ರೇಕ್ ಸರಿಮಾಡಲು ಅರ್ಧ ಗಂಟೆ ಬೇಕು ಮೇಡಂ. ಬಾಗಿಲ ಪಕ್ಕದ ಆ ಕಲ್ಲಿನ ಮೇಲೆ ಕೂತುಕೊಳ್ಳಿ. ಬ್ಯಾಗು ಕೆಳಗಿಡಿ, ಭಾರವಿದ್ದ ಹಾಗಿದೆ. ಬೇಡವೇ? ಸರಿ, ಬ್ಯಾಗೂ ನಿಮ್ಮದು, ಭುಜವೂ ನಿಮ್ಮದು.

ನೀವು ಕೇಳಿದ್ದು ಅತ್ತೆಯ ವಿಷಯ. ಗುಡ್ಡದ ಸೈಕಲ್ ಪಾರ್ಕಿಗೆ ಬರುವ ಹೊಸಬರೆಲ್ಲ ಮೊದಲು ಕೇಳುವುದು ಅದನ್ನೇ.

ಅತ್ತೆ ಎಂದರೆ ಬಂಡೆ. ನೆತ್ತಿಯಿಂದ ಇಳಿಯುವ ಹಳೇ ದಾರಿಯ ನಡುವೆ, ಬೇರುಗಳೆಲ್ಲ ಮುಗಿದು ಬದುಕಿದೆ ಎಂದು ಉಸಿರುಬಿಡುವ ಜಾಗದಲ್ಲಿ ಕೂತಿದ್ದಾಳೆ. ಒಂದು ಪಕ್ಕ ಮರ, ಇನ್ನೊಂದು ಪಕ್ಕ ಹಳ್ಳ. ಮೇಲಿಂದ ನೋಡಿದರೆ ಪಾಪ ಅನ್ನಿಸುತ್ತಾಳೆ. ಮುಂದಿನ ಚಕ್ರ ಅಂಚು ದಾಟಿದ ಮೇಲೆಯೇ ಎದೆಯೆತ್ತರದ ಇಳಿಜಾರು ಕಾಣುವುದು. ತಪ್ಪು ಹುಡುಕದೆ ಯಾರನ್ನೂ ಮುಂದೆ ಬಿಡುವುದಿಲ್ಲ, ಅದಕ್ಕೇ ಆ ಹೆಸರು. ಒಮ್ಮೆ ಒಬ್ಬರು ಅಲ್ಲಿ ಉರುಳಿದಾಗ ಅವರ ಹೆಲ್ಮೆಟ್ ಅವರಿಗಿಂತ ಹತ್ತು ನಿಮಿಷ ಮೊದಲೇ ಈ ಅಂಗಡಿ ತಲುಪಿತು. ಅವರು ಬರುವಷ್ಟರಲ್ಲಿ ನಾನು ಅದರ ಪಟ್ಟಿ ಹೊಲಿದು ಇಟ್ಟಿದ್ದೆ. ಇನ್ನೊಬ್ಬರು ಬ್ರೇಕನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ, ಕೆಳಗೆ ನಿಂತಿದ್ದ ನಮ್ಮ ಭಾವ ತಣ್ಣಗಾದ ಚಹಾವನ್ನು ಆ ಕಾವಿನಲ್ಲೇ ಮತ್ತೆ ಕಾಯಿಸಿಕೊಂಡರು.

ಭಾವ ಅಲ್ಲಿ ನಿಂತಿದ್ದದ್ದು ನಮ್ಮಕ್ಕನಿಗಾಗಿ. ಅಕ್ಕ ಹಲ್ಲಿನ ಡಾಕ್ಟರು, ವಯಸ್ಸು ಐವತ್ತಮೂರು. ಪಾರ್ಕಿಗೆ ಬರುವವರಲ್ಲಿ ಅರ್ಧ ಜನ ಅವಳ ಮುಂದೆ ಬಾಯಿ ತೆರೆದವರೇ, ಆದ್ದರಿಂದ ಅವಳೆದುರು ಯಾರೂ ಹೆಚ್ಚು ಬಾಯಿ ತೆರೆಯುವುದಿಲ್ಲ. ಹನ್ನೊಂದು ವರ್ಷದಿಂದ ಅವಳಿಗೆ ಒಂದೇ ಹಟ: ಅತ್ತೆಯನ್ನು ಕಾಲೂರದೆ ಇಳಿಯಬೇಕು. ನಮ್ಮಲ್ಲಿ ಲೆಕ್ಕಕ್ಕೆ ಬರುವುದು ಅದೊಂದೇ. ಕಾಲು ನೆಲಕ್ಕೆ ತಾಗಿತೋ, ನೀವು ಇಳಿದದ್ದಲ್ಲ, ನಡೆದದ್ದು. ಯಾರೂ ನೋಡದಿರುವಾಗ ಎಲ್ಲರೂ ಇಳಿದಿದ್ದಾರೆ. ನೋಡುತ್ತಿರುವಾಗ ಇಳಿದವರನ್ನು ನಾನಂತೂ ಕಂಡಿರಲಿಲ್ಲ. ಅಕ್ಕ ವರ್ಷಕ್ಕೆ ನಾಲ್ಕು ಸಲ, ಹಿಂದಿನ ಏಟು ಮಾಯ್ದ ಮೇಲೆ, ಪ್ರಯತ್ನ ಮಾಡುತ್ತಿದ್ದಳು. ಬಿದ್ದಾಗಲೆಲ್ಲ ನನ್ನ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ. ಅಗೋ, ಟ್ಯೂಬುಗಳ ಹಿಂದೆ, ನಲವತ್ತಮೂರು.

ಹೀಗಿರುವಾಗ ಒಂದು ಶುಕ್ರವಾರ ಪಾರ್ಕಿನ ಬೋರ್ಡಿನ ಮೇಲೆ ನೋಟೀಸು ಬಂತು. ಸೋಮವಾರ ಯಂತ್ರ ತಂದು ಹಳೇ ದಾರಿಯನ್ನು ನಯ ಮಾಡುತ್ತಾರಂತೆ. ಬೇರು ಕಿತ್ತು, ಅತ್ತೆಯನ್ನು ಒಡೆದು, ಜಾರುಬಂಡೆಯ ಹಾಗೆ ಸರ್ರನೆ ಇಳಿಯುವ ತಿರುವು.

ಸಂಜೆ ಐದಕ್ಕೆಲ್ಲ ಮ್ಯಾನೇಜರ್ ಮೇಡಂ ಕೋಣೆಯ ಮುಂದೆ ಮೂವತ್ತು ಸೈಕಲ್ಲು. ಆಕೆ ಅಚ್ಚುಕಟ್ಟಿನ ಹೆಂಗಸು, ಪೆನ್ಸಿಲ್‌ಗಳನ್ನು ಉದ್ದದ ಪ್ರಕಾರ ಜೋಡಿಸಿಡುವಂಥವರು. ಬಸ್ ಡ್ರೈವರ್ ಮೊದಲು ಶುರುಮಾಡಿದ.

"ನುಣ್ಣಗಿರೋ ರಸ್ತೆ ಬೇಕಿದ್ರೆ ನಾನು ಬಸ್ಸಲ್ಲೇ ಇರ್ತಿದ್ದೆ ಮೇಡಂ. ವಾರವೆಲ್ಲ ಅದೇ ತಾನೇ ಮಾಡೋದು."

"ಕಷ್ಟ ಇಲ್ಲದಿದ್ರೆ ಅದು ದಾರೀನೇ ಅಲ್ಲ," ಎಂದು ಹಿಂದಿನಿಂದ ಭಾವ ಕೂಗಿದರು. ಭಾವನಿಗೆ ಸೈಕಲ್ ಹತ್ತಲು ಬರುವುದಿಲ್ಲ.

ಅಕ್ಕ ಮಾತ್ರ ತಣ್ಣಗೆ ಹೇಳಿದಳು: "ಸೋಮವಾರ ಅಂದ್ರೆ ನನಗೆ ಉಳಿದಿರೋದು ಒಂದೇ ಭಾನುವಾರ. ಹನ್ನೊಂದು ವರ್ಷದ ಕೆಲಸ ಅರ್ಧಕ್ಕೆ ಬಿಡೋಳಲ್ಲ ನಾನು. ಹಲ್ಲು ಅರ್ಧ ಕಿತ್ತು ಯಾರನ್ನಾದ್ರೂ ಮನೆಗೆ ಕಳಿಸಿದ್ದೀನಾ?"

ಮ್ಯಾನೇಜರ್ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಡ್ರಾಯರ್‌ನಿಂದ ಒಂದು ಫೋಟೋ, ಒಂದು ಅಳತೆ ಟೇಪು ತೆಗೆದು ಮೇಜಿನ ಮೇಲಿಟ್ಟರು.

"ಇದು ಪಾರ್ಕ್ ಶುರುವಾದ ದಿನದ್ದು. ಪಕ್ಕದಲ್ಲಿ ನಿಂತಿರೋಳು ನಾನೇ. ಬಂಡೆ ನನ್ನ ಎದೆ ಮಟ್ಟ ಇದೆ. ನಿನ್ನೆ ಹೋಗಿ ಅಳೆದೆ. ಮೊಣಕಾಲಿಗೆ ಬರತ್ತೆ."

"ಮೇಡಂ, ನೀವು ಎತ್ತರ ಬೆಳೆದಿರಬಹುದು," ಎಂದ ಡ್ರೈವರ್.

"ನಾನು ಬೆಳೆದಿಲ್ಲ. ಅದರ ಬುಡದಲ್ಲಿ ಯಾರೋ ಕಲ್ಲು ಪೇರಿಸಿ, ಮೇಲೆ ಮಣ್ಣು ಮೆತ್ತಿದ್ದಾರೆ. ನಾನು ಒಂದೇ ದಿನದಲ್ಲಿ ಮಾಡೋದನ್ನ ನೀವೆಲ್ಲ ವರ್ಷಗಟ್ಟಲೆ ಮಾಡ್ತಾ ಬಂದಿದ್ದೀರಿ. ನನ್ನ ಹತ್ತಿರ ನೋಟೀಸಾದ್ರೂ ಇದೆ."

ಕೋಣೆಯ ಮುಂದೆ ಮೂವತ್ತು ಜನ ತಮ್ಮ ತಮ್ಮ ಶೂ ಲೇಸು ನೋಡಿಕೊಳ್ಳತೊಡಗಿದರು. ಅಕ್ಕ ತಿರುಗಿದಳು. ಆ ನೋಟ ನನಗೆ ಗೊತ್ತು. ಯಾವ ಹಲ್ಲು ಎಂದು ಹುಡುಕುವ ನೋಟ.

"ಯಾರಿಟ್ಟಿದ್ದು?"

"ಒಂದೇ ಒಂದು ಕಲ್ಲು ಡಾಕ್ಟ್ರೇ," ಎಂದ ಡ್ರೈವರ್, ದವಡೆ ಹಿಡಿದುಕೊಂಡು. "ಇಷ್ಟೇ ಇಷ್ಟು. ನೀವು ಬೀಳೋದು ನೋಡಕ್ಕಾಗ್ಲಿಲ್ಲ."

"ನಂದೂ ಒಂದು," ಎಂದರು ಇನ್ನೊಬ್ಬರು. ಆಮೇಲೆ ಸಾಲಾಗಿ ಎಲ್ಲರೂ. ಮೂವತ್ತು ಜನರಲ್ಲಿ ಪ್ರತಿಯೊಬ್ಬರೂ ತಾನೊಬ್ಬನೇ ಎಂದುಕೊಂಡಿದ್ದರು.

"ನೀವೂನಾ?" ಅಕ್ಕ ಭಾವನ ಕಡೆ ನೋಡಿದಳು.

"ಆ ಹೊತ್ತಿಗೆ ಕೈಯಲ್ಲಿ ಒಂದು ಕಲ್ಲಿತ್ತು ಕಣೇ," ಎಂದರು ಭಾವ. "ಎಲ್ಲಾದ್ರೂ ಇಡಬೇಕಲ್ಲ."

ನನ್ನ ಕಡೆಗೂ ನೋಡಿದಳು. ನಾನು ಮ್ಯಾನೇಜರ್ ಪೆನ್ಸಿಲ್‌ಗಳನ್ನು ಎಣಿಸುತ್ತಿದ್ದೆ. ಏಳಿದ್ದವು.

"ಎಲ್ಲಾ ಕಲ್ಲೂ ತೆಗೀತೀವಿ," ಎಂದಳು ಅಕ್ಕ ಮ್ಯಾನೇಜರ್‌ಗೆ. "ಫೋಟೋದಲ್ಲಿ ಹೇಗಿದೆಯೋ ಹಾಗೇ ಮಾಡ್ತೀವಿ. ಭಾನುವಾರ ನಿಮ್ಮೆದುರೇ ಕಾಲೂರದೆ ಇಳೀತೀನಿ. ಆಮೇಲೆ ಆ ಬಂಡೆ ಮುಟ್ಟೋ ಹಾಗಿಲ್ಲ. ನಯವಾದ ದಾರಿ ಬೇಕಾದೋರಿಗೆ ಹಳ್ಳದ ಆಚೆ ಬೇರೆ ಮಾಡಿ."

"ಇಳೀದಿದ್ರೆ?"

"ಇಳೀದಿದ್ರೆ ಸೋಮವಾರ ನಿಮ್ಮ ಯಂತ್ರಕ್ಕೆ ದಾರಿ ತೋರಿಸೋಳು ನಾನೇ."

ಮ್ಯಾನೇಜರ್ ಒಂದು ಪೆನ್ಸಿಲ್ ತೆಗೆದು ನೋಟೀಸಿನ ಕೆಳಗೆ ಏನೋ ಬರೆದುಕೊಂಡರು. ಮೊಣಕಾಲೆತ್ತರಕ್ಕೇ ಬೀಳುವವಳು ಎದೆಯೆತ್ತರದಿಂದ ಇಳಿದರೆ ಏನು ಗತಿ?

ಶನಿವಾರ ಎಲ್ಲರೂ ಗುದ್ದಲಿ ಹಿಡಿದು ಹೋದೆವು. ತಾನಿಟ್ಟದ್ದನ್ನು ತಾನೇ ತೆಗೆಯಬೇಕು ಎಂದು ಅಕ್ಕನ ಅಪ್ಪಣೆ. ಮಣ್ಣು ಕೆರೆದಂತೆ ಕಲ್ಲಿನ ಕೆಳಗೆ ಕಲ್ಲು. ನಡುವೆ ಒಂದು ಪೆಡಲ್, ಭಾವನ ಫ್ಲಾಸ್ಕಿನ ಮುಚ್ಚಳ, ಎರಡು ಹಲ್ಲು ಸಿಕ್ಕವು. ಹಲ್ಲು ಯಾರದೆಂದು ಅಕ್ಕ ನೋಡಿದ ಕೂಡಲೇ ಹೇಳಿ ಅವರವರಿಗೆ ಒಪ್ಪಿಸಿದಳು. ಕೊನೆಗೆ ತೀರಾ ಬುಡದಲ್ಲಿ ಒಂದು ಚಪ್ಪಡಿ ಉಳಿಯಿತು. ನಾಲ್ಕು ಜನ ಎಳೆದರೂ ಅಲುಗಲಿಲ್ಲ. ಅದರ ಅಂಚಿಗೆ ನೀಲಿ ಬಣ್ಣ ಮೆತ್ತಿತ್ತು. ನನ್ನ ಅಂಗಡಿಯ ಬಾಗಿಲು ಯಾವ ಬಣ್ಣ ಎಂದು ನೀವೇ ನೋಡಿ.

"ಏನೋ ಇದು?" ಎಂದಳು ಅಕ್ಕ.

"ಕಲ್ಲು, ಅಕ್ಕಾ."

"ನಿನ್ನ ಬಾಗಿಲಿಗೆ ಒತ್ತು ಕೊಡೋ ಕಲ್ಲು ಒಂಬತ್ತು ವರ್ಷದ ಹಿಂದೆ ಕಳ್ಳರು ಹೊತ್ಕೊಂಡು ಹೋದ್ರು ಅಂದಿದ್ದೆ."

"ಕಳ್ಳರಿಗೆ ಒಳ್ಳೇ ಮನಸ್ಸಿತ್ತು ಅನ್ಸತ್ತೆ."

ಅವಳು ಬೈಯಲಿಲ್ಲ. ಅದೇ ಭಯ. ಮೊಣಕಾಲೂರಿ ಕೂತು ಆ ಚಪ್ಪಡಿಯ ಅಂಚಿನ ಮೇಲೆ ಬೆರಳಾಡಿಸಿದಳು. ಬಂಡೆಯ ಇಳಿಜಾರಿಗೆ ಎದುರಾಗಿ ಒಂದು ಹಲ್ಲಿನ ಹಾಗೆ ಎದ್ದು ನಿಂತಿತ್ತು ಆ ಅಂಚು. ಅದರ ಮೇಲೆ ಕಪ್ಪಗೆ ಟೈರಿನ ಗುರುತು, ಒಂದರ ಮೇಲೊಂದು.

"ಇದು ನನ್ನ ಚಕ್ರದ್ದು," ಎಂದಳು. "ನಾನು ಸರಿಯಾಗೇ ಇಳೀತಿದ್ದೆ ಕಣೋ. ಬ್ರೇಕ್ ಬಿಟ್ಟು, ಮೈ ಹಿಂದೆ ಹಾಕಿ. ಕೆಳಗೆ ಬಂದಾಗ ನಿನ್ನ ಕಲ್ಲು ಮುಂದಿನ ಚಕ್ರ ಹಿಡ್ಕೊಂಡು ನನ್ನ ಎತ್ತಿ ಒಗೀತಿತ್ತು."

ಅದನ್ನು ಮಣ್ಣು ಮುಚ್ಚಿದಾಗ ಬೇರೆಯವರ ಕಲ್ಲು ಅದೇ ಕೆಲಸಕ್ಕೆ ನಿಂತಿತ್ತು. ಪ್ರತಿ ಸಲ ಅವಳು ಬಿದ್ದಾಗ ಯಾರೋ ಒಬ್ಬರು ಮನಸ್ಸು ಕರಗಿ ಮತ್ತೊಂದು ಕಲ್ಲಿಡುವುದು, ಮುಂದಿನ ಸಲ ಅವಳು ಅದಕ್ಕೆ ತಾಗಿ ಬೀಳುವುದು. ಮೂವತ್ತು ಜನರ ಪ್ರೀತಿ ಸೇರಿ ಒಬ್ಬ ಹೆಂಗಸನ್ನು ನಲವತ್ತಮೂರು ಸಲ ಮಕಾಡೆ ಮಲಗಿಸಿತ್ತು.

"ಮೊದಲ ಎರಡು ವರ್ಷ ನೀನೇ ಬಿದ್ದಿದ್ದು, ಅಕ್ಕಾ," ಎಂದೆ. ನ್ಯಾಯ ನ್ಯಾಯವೇ.

"ಆ ಎಂಟು ಗೆರೆ ಇರಲಿ. ಮಿಕ್ಕಿದ್ದು ನಿನ್ನ ಹೆಸರಿಗೆ ಬರ್ಕೋ," ಎಂದಳು. ಕತ್ತಲಾಗುವ ಹೊತ್ತಿಗೆ ಆ ಚಪ್ಪಡಿಯನ್ನು ನಾನೊಬ್ಬನೇ ಕಿತ್ತು ಪಕ್ಕಕ್ಕಿಟ್ಟೆ.

ಭಾನುವಾರ ಬೆಳಿಗ್ಗೆ ಮ್ಯಾನೇಜರ್ ಟೇಪು ಹಿಡಿದು ಅಳೆದರು. ಎದೆ ಮಟ್ಟ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಭಾವ ಕೆಳಗೆ ಫ್ಲಾಸ್ಕ್ ಹಿಡಿದು ಕಣ್ಣು ಮುಚ್ಚಿದರು. ಮೇಲೆ ಬೇರುಗಳ ಮೇಲೆ ಚಕ್ರ ಗಡಗಡ ಎಂದಿತು. ಅಕ್ಕನ ಮುಂದಿನ ಚಕ್ರ ಅಂಚಿನಲ್ಲಿ ಇಣುಕಿತು. ಅವಳು ಕೈಬೆರಳುಗಳನ್ನು ಬ್ರೇಕಿನಿಂದ ಒಂದೊಂದಾಗಿ ಎತ್ತಿದ್ದನ್ನು ನಾನು ಕಂಡೆ. ಆಮೇಲೆ ಚಕ್ರ ಬಂಡೆಗೆ ಮೈಯೊತ್ತಿ ಇಳಿಯಿತು, ಬುಡದ ಖಾಲಿ ಮಣ್ಣಿಗೆ ಮುಟ್ಟಿತು, ಮುಂದೆ ಉರುಳಿತು. ಅಷ್ಟೇ. ಹನ್ನೊಂದು ವರ್ಷ ಕಾದದ್ದು ಎರಡು ಸೆಕೆಂಡಿನಲ್ಲಿ ಮುಗಿದುಹೋಯಿತು. ಭಾವ ಕಣ್ಣು ತೆರೆಯುವಷ್ಟರಲ್ಲಿ ಅವಳು ಅವರನ್ನು ದಾಟಿ ನಿಂತು, ಲೋಟ ಕೇಳುತ್ತಿದ್ದಳು. ಆಗಲೂ ಒಂದು ಕಾಲು ಪೆಡಲಿನ ಮೇಲೇ ಇತ್ತು, ಇನ್ನೊಂದು ಭಾವನ ಶೂ ಮೇಲೆ. ನೆಲಕ್ಕೆ ತಾಗಿಸಲಿಲ್ಲ.

ಮ್ಯಾನೇಜರ್ ಅಲ್ಲೇ ನೋಟೀಸು ಹರಿದರು. ನಯವಾದ ದಾರಿ ಈಗ ಹಳ್ಳದ ಆಚೆ ಇದೆ, ಭಾವ ಸೈಕಲ್ ಕಲಿಯುತ್ತಿರುವುದು ಅಲ್ಲೇ. ಅತ್ತೆ ಇದ್ದಲ್ಲೇ ಇದ್ದಾಳೆ. ಆ ಚಪ್ಪಡಿಯನ್ನು ನಾನೊಬ್ಬನೇ ಗುಡ್ಡದಿಂದ ಹೊತ್ತು ತಂದೆ. ನೀವು ಈಗ ಕೂತಿರುವುದು ಅದರ ಮೇಲೇ.

ಬ್ರೇಕ್ ಆಯಿತು ನೋಡಿ. ಎದ್ದಿರಾ? ಓಹೋ, ಬ್ಯಾಗಿನಲ್ಲಿ ಈ ಕಲ್ಲಿತ್ತೋ. ಚೆನ್ನಾಗಿದೆ, ಚಪ್ಪಟೆಯಾಗಿದೆ, ಹುಡುಕಿ ಆರಿಸಿದ ಹಾಗಿದೆ. ಯಾರಿಗಾಗಿ ತಂದಿರಿ ಎಂದು ಕೇಳುವುದಿಲ್ಲ. ನನ್ನ ಮೇಜಿನ ಮೇಲೇ ಬಿಟ್ಟು ಹೋಗಿ, ಕಾಗದ ಹಾರದಂತೆ ಒಂದು ಭಾರ ಬೇಕಿತ್ತು. ಬೆರಳು ಒಂದೊಂದಾಗಿ ಎತ್ತಬೇಕು, ನೆನಪಿರಲಿ. ಆದರೆ ನಿಜವಾದ ಕಥೆ ಇನ್ನು ಮುಂದಿದೆ ಮೇಡಂ, ಅದೇ ದಿನ ಮಧ್ಯಾಹ್ನ ನಾನೂ ಇಳಿದೆ, ಆ ಚಪ್ಪಡಿ ಬೆನ್ನ ಮೇಲೆ ಹೊತ್ತುಕೊಂಡೇ, ಕೈ ಎರಡೂ ಬಿಟ್ಟು, ಅತ್ತೆಯ ಅಂಚಿಗೆ ಬಂದಾಗ ಕೆಳಗೆ ನೋಡಿದರೆ ಅಲ್ಲಿ... ಅಯ್ಯೋ ಮೇಡಂ, ಹೊರಟೇಬಿಟ್ಟಿರಾ?