ಎರಡು ಥರದ ನಡುಕ

ಗಡಗಡ ಅನ್ನುತ್ತಿರುವುದು ಬಸ್ಸಿನ ಕಿಟಕಿಯ ಗಾಜೋ, ಅದಕ್ಕೆ ಆನಿಸಿದ ಕೈಯೋ — ಶಾಂತಲಾ ಕೈ ತೆಗೆದು ಮಡಿಲಲ್ಲಿಟ್ಟಳು, ಗಾಜೂ ನಿಲ್ಲಲಿಲ್ಲ, ಕೈಯೂ ನಿಲ್ಲಲಿಲ್ಲ, ಚನ್ನಗಿರಿ ಬಿಟ್ಟು ಹತ್ತು ನಿಮಿಷ, ಕೆಲಸ ಹೋಗಿ ಒಂದು ಗಂಟೆ, ಆರು ವರ್ಷ ಆ ಗೊಬ್ಬರದಂಗಡಿಯ ಹಿಂದಿನ ಕೋಣೆಯಲ್ಲಿ ರೈತರ ಹೊಲದ ಮಣ್ಣು ಪರೀಕ್ಷಿಸಿದವಳನ್ನು ಮಾಲೀಕ ತಿಪ್ಪೇಶಪ್ಪ ಅವಳ ಕೈಜಾರಿ ಒಡೆದ ಒಂದು ಗಾಜಿನ ಕೊಳವೆಯ ನೆಪದಲ್ಲಿ ಕೆಲಸದಿಂದ ತೆಗೆದ, ನೋಡಮ್ಮ, ನಿಂಗೆ ಶುಗರ್ರು, ನಡುಗೋ ಕೈಯಾಗೆ ಅಳತೆ ಮಾಡಿದ್ರೆ ಯಾರು ನಂಬ್ತಾರೆ, ನಾಳೆಯಿಂದ ಬರಬ್ಯಾಡ. ಶುಗರ್ ಇಳಿದಿತ್ತು ಸಾರ್, ಬೆಲ್ಲ ತಿಂದು ಹತ್ತು ನಿಮಿಷ ಕೂತಿದ್ದರೆ ಸರಿಹೋಗ್ತಿತ್ತು, ನೀವೇ ಬೇಗ ಬೇಗ ಅಂದ್ರಿ — ಹೇಳಿದಳೋ ಇಲ್ಲವೋ, ಹೇಳಿದಳು, ಹೇಳುವುದೇನು, ಕೂಗಿದಳು, ಅಂಗಡಿ ಮುಂದೆ ನಿಂತಿದ್ದ ಚಿತ್ತಪ್ಪನಿಗೂ ಕೇಳಿಸಿತು, ಕೆರೆಬಿಳಚಿಯ ಮುದುಕ, ಹೋದ ವರ್ಷ ಹೊಲದ ಮಣ್ಣು ತನ್ನಿ ಎಂದರೆ ತಿಪ್ಪೆ ಪಕ್ಕದ ಕರಿಮಣ್ಣು ತಂದು, ಚಲೋದೇ ತಂದೀನಿ ಕಣವ್ವ, ಮಾರ್ಕ್ಸು ಚೆಂದ ಬರ್ಲಿ ಅಂತ, ಎಂದಿದ್ದವನು.

ಈಗ ಅವನೇ ಮುಂದಿನ ಸೀಟಿನಿಂದ ತಿರುಗಿ, ಬಿಡವ್ವ, ನಿನ್ ಶುಗರ್ರು ಅವನಿಗೇನು ಮಾಡೈತೆ, ನೀನು ನಾಲ್ಕು ಚೀಲ ಗೊಬ್ಬರ ಸಾಕು ಅಂತ ಬರೀತಿ, ಅವನು ಎಂಟು ಮಾರಬೇಕು, ನಮ್ಮ ಸೊಸೈಟಿ ರೂಮು ಖಾಲಿ ಐತೆ, ಸೋಮವಾರ ಬಂದು ಕುಂದ್ರು, ಊರ ಮಣ್ಣೆಲ್ಲಾ ನಾನು ತರಿಸ್ತೀನಿ, ಬರ್ತೀಯೋ ಇಲ್ವೋ ಹೇಳಿಬಿಡು, ನಮ್ಮೂರು ಬಂತು — ತನ್ನದೇ ಕೋಣೆ, ತನ್ನದೇ ತಕ್ಕಡಿ, ಸುಸ್ತಾದರೆ ಬಾಗಿಲು ಹಾಕಿ ಕೂರಬಹುದು, ಎದೆ ಡವಡವ, ಕತ್ತಿನಲ್ಲಿ ಬೆವರು, ಹೂಂ ಅನ್ನಬೇಕು, ತಡಿ, ಶುಗರ್ ಇಳಿದಾಗಲೂ ಹೀಗೇ, ಇದೇ ಬೆವರು, ಇದೇ ಡವಡವ, ಹನ್ನೊಂದನೇ ವಯಸ್ಸಿನಿಂದ ಇನ್ಸುಲಿನ್ ಚುಚ್ಚಿಕೊಂಡವಳಿಗೆ ಖುಷಿ ಯಾವುದು ಕಾಯಿಲೆ ಯಾವುದು ಇನ್ನೂ ಗೊತ್ತಾಗದು, ಶುಗರ್ ಇಳಿದಾಗ ಕೊಟ್ಟ ಮಾತು ತನ್ನ ಮಾತೇ? ಒಂದು ನಿಮಿಷ ತಡೀರಿ ಯಜಮಾನ್ರೆ — ಚೀಲದಿಂದ ಶುಗರ್ ನೋಡುವ ಮೀಟರು ತೆಗೆದಳು, ಬೆರಳಿಗೆ ಸೂಜಿ, ಕೆಂಪು ಹನಿ, ಪಟ್ಟಿ ಹೀರಿತು, ಮೀಟರು ಎಣಿಸುತ್ತಿದೆ, ಐದು, ಕಂಡಕ್ಟರ್ ಸೀಟಿ ಊದಿದ, ನಾಲ್ಕು, ಚಿತ್ತಪ್ಪ ಎದ್ದ, ಮೂರು, ಶುಗರ್ ಇಳಿದಿದ್ದರೆ ತಿಪ್ಪೇಶಪ್ಪ ಹೇಳಿದ್ದೇ ನಿಜ, ಎರಡು, ಏನವ್ವ ಬರ್ತೀಯಾ, ಒಂದು — ನೂರಾ ಹದಿನಾಲ್ಕು. ಇಳಿದಿಲ್ಲ. ಏರಿಲ್ಲ. ಬರ್ತೀನಿ, ಸೋಮವಾರ ಬಂದೇ ಬರ್ತೀನಿ, ಎಂದು ಇಳಿದು ನಿಂತವನಿಗೆ ಕಿಟಕಿಯಿಂದ ಕೂಗಿದಳು, ಕೈ ಇನ್ನೂ ನಡುಗುತ್ತಿದೆ, ನಡುಗಲಿ, ಪರದೆಯ ಬೆಳಕು ಆರಿತು, ಗುಂಡಿ ಒತ್ತಿದಳು, ನೂರಾ ಹದಿನಾಲ್ಕು, ಆರಿತು, ಮತ್ತೆ ಒತ್ತಿದಳು, ನೂರಾ ಹದಿನಾಲ್ಕು