ನಾಲ್ಕನೇ ಸೀಟು

ಹಿರಿಯಣ್ಣನವರಿಗೆ ಕಂಪ್ಯೂಟರಿನ ಬಗ್ಗೆ ಗೊತ್ತಿದ್ದದ್ದು ಎರಡೇ ಸಂಗತಿ. ಅದಕ್ಕೆ ಎ.ಸಿ. ಬೇಕು, ಅದರ ಕೋಣೆಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡಬೇಕು. ಇಷ್ಟು ಜ್ಞಾನದ ಬಲದಿಂದ ಅವರು ಭಾಂಡುಪಿನಲ್ಲಿ ಒಂದು ಕಂಪ್ಯೂಟರ್ ಕಂಪನಿಯನ್ನೇ ನಡೆಸುತ್ತಿದ್ದರು. ‘ನಮ್ಮದೇ ಆಪರೇಟಿಂಗ್ ಸಿಸ್ಟಂ’ ಎಂದು ಜಾಹೀರಾತು ಬೇರೆ. ನಮ್ಮದು ಎಂದರೆ ಒಳಗಿನದೆಲ್ಲ ಪರದೇಶದ್ದು, ಮೇಲಿನ ಹೆಸರು ಮತ್ತು ಗಣಪತಿಯ ಚಿತ್ರ ನಮ್ಮದು.

ತೊಂಬತ್ತೆರಡರಲ್ಲಿ ದಹಿಸರಿನ ಒಂದು ಸಹಕಾರಿ ಬ್ಯಾಂಕು ನಮ್ಮ ಯಂತ್ರಗಳನ್ನು ಕೊಳ್ಳುವ ಮನಸ್ಸು ಮಾಡಿತು. ಸ್ವಿಚ್ ಹಾಕಿದ ಕೂಡಲೇ ತಾವಾಗಿಯೇ ಬಂದು ಕೂರುವ ಸಣ್ಣ ಪ್ರೋಗ್ರಾಂಗಳು, ಅಂದರೆ ಎಕ್ಸ್‌ಟೆನ್ಶನ್‌ಗಳು, ಯಾವುವಿರಬೇಕು ಎಂದು ತೀರ್ಮಾನಿಸಲು ಮೀಟಿಂಗ್ ಕರೆದರು. ಮೆಮೊರಿಯಲ್ಲಿ ಮೂರಕ್ಕಷ್ಟೇ ಜಾಗವಿತ್ತು.

ಕಂಪನಿಯ ಪ್ರೋಗ್ರಾಮರ್ ಆಗಿದ್ದ ನಾನು ಪರದೆಯ ಅಕ್ಷರಗಳನ್ನು ಹೆಬ್ಬೆರಳಿನಷ್ಟು ದೊಡ್ಡದು ಮಾಡುವ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೆ. ಬರೆದದ್ದು ಸುಬ್ಬಲಕ್ಷ್ಮಿಗಾಗಿ. ಬೊರಿವಲಿಯಲ್ಲಿ ನಮ್ಮ ಬಿಲ್ಡಿಂಗಿನಲ್ಲೇ ಇರುವ ಸುಬ್ಬಕ್ಕ ಅದೇ ಬ್ಯಾಂಕಿನಲ್ಲಿ ಟೈಪಿಸ್ಟ್. ಸಕ್ಕರೆ ಕಾಯಿಲೆ ಅವಳ ಕಣ್ಣನ್ನು ತಿನ್ನುತ್ತಿತ್ತು. ಟೈಪ್‌ರೈಟರ್ ಆದರೆ ಬೆರಳುಗಳೇ ನೋಡಿಕೊಳ್ಳುತ್ತವೆ, ಪರದೆಯನ್ನು ಕಣ್ಣಿಂದಲೇ ಓದಬೇಕು. ಓದಲಾಗದವರು ರಾಜೀನಾಮೆ ಕೊಟ್ಟು ಹೋಗಬಹುದು ಎಂದು ಮ್ಯಾನೇಜರ್ ಆಗಲೇ ಹೇಳಿಬಿಟ್ಟಿದ್ದ. ಗಂಡ ಹಾಸಿಗೆ ಹಿಡಿದಿದ್ದ ಆ ಮನೆ ನಡೆಯುತ್ತಿದ್ದದ್ದು ಅವಳ ಸಂಬಳದಿಂದಲೇ.

ಮೊದಲ ಜಾಗ ಚರ್ಚೆಯಿಲ್ಲದೆ ಯಜಮಾನರದಾಯಿತು. ರಾಹುಕಾಲ ಶುರುವಾದ ಕೂಡಲೇ ಪರದೆಯ ತುಂಬ ಕೆಂಪು ಹಲಗೆಯೊಂದು ಇಳಿದು, ‘ಹೊಸ ಕೆಲಸ ಆರಂಭಿಸಬೇಡಿ’ ಎನ್ನಬೇಕು. ಅದನ್ನು ಸರಿಸಲು ಒಂದು ಕೀ ಇಡೋಣವೇ ಎಂದರೆ, ರಾಹುವನ್ನು ಕೀ ಒತ್ತಿ ಕಳಿಸಲಾಗುತ್ತದೆಯೇ ಎಂದು ಗದರಿದರು. ಎರಡನೆಯದು ಅವರ ಭಾವಮೈದ ಕಿಟ್ಟುವಿನದು. ಸುಮ್ಮನಿರುವ ಪರದೆಯ ಮೇಲೆ ಬಣ್ಣದ ಮೀನುಗಳು ಈಜಾಡುತ್ತವೆ. ಮೂರನೆಯದು ಕ್ಯಾಲ್ಕ್ಯುಲೇಟರ್. ಬ್ಯಾಂಕಿನ ಪ್ರತಿ ಮೇಜಿನ ಮೇಲೂ ಒಂದು ಕ್ಯಾಲ್ಕ್ಯುಲೇಟರ್ ಬಿದ್ದಿರುತ್ತದೆ ಎಂಬುದು ಆ ಮೇಧಾವಿಗಳಿಗೆ ಹೊಳೆಯಲೇ ಇಲ್ಲ.

“ಸಾರ್, ಲೋಕಲ್‌ನಲ್ಲಿ ಮೂರು ಜನರ ಬೆಂಚಲ್ಲಿ ನಾಲ್ಕನೆಯವ್ರಿಗೂ ಜಾಗ ಕೊಡ್ತೀವಲ್ಲ,” ಎಂದೆ. “ಕಿಟ್ಟು ಅವ್ರು ಮೀನು ಸ್ವಲ್ಪ ಕಮ್ಮಿ ಮಾಡಿದ್ರೆ ನನ್ನದೂ ಹಿಡಿಯತ್ತೆ.”

“ಮೀನು ಕಮ್ಮಿ ಆದ್ರೆ ತೊಟ್ಟಿ ಖಾಲಿ ಖಾಲಿ ಕಾಣ್ಸತ್ತೆ,” ಎಂದ ಕಿಟ್ಟು, ಗಂಭೀರವಾಗಿ.

“ನೋಡಮ್ಮ ವನಮಾಲಾ,” ಎಂದರು ಹಿರಿಯಣ್ಣ, “ಬೇಕಾದೋರು ಫ್ಲಾಪಿಯಿಂದ ಹಾಕ್ಕೋತಾರೆ ಬಿಡು.”

ಫ್ಲಾಪಿಯಿಂದ ಹಾಕಿಕೊಳ್ಳುವುದೆಂತು? ವೈರಸ್ ಬರುತ್ತದೆಂದು ಹೆದರಿಸಿ, ಬರಲಿರುವ ಪ್ರತಿ ಫ್ಲಾಪಿ ಡ್ರೈವಿಗೂ ಬೀಗ ಕೊಳ್ಳುವಂತೆ ಆ ಬ್ಯಾಂಕನ್ನು ಒಪ್ಪಿಸಿದ್ದು ಇವರೇ. ಬೀಗದ ಕೈ ಮ್ಯಾನೇಜರ್ ಬಳಿ. ಮೊದಲೇ ಒಳಗಿರದದ್ದು ಅಲ್ಲಿ ಎಂದೆಂದಿಗೂ ಇಲ್ಲ. ಇದನ್ನು ಬಿಡಿಸಿ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕೋಣವಾದರೂ ಕಿವಿ ಅಲ್ಲಾಡಿಸುತ್ತದೆ.

ಬ್ಯಾಂಕಿನಲ್ಲಿ ಯಂತ್ರ ತೋರಿಸುವ ದಿನ ಶುಕ್ರವಾರ. ಹತ್ತೂವರೆಗೆ ರಾಹುಕಾಲವೆಂದು ಯಜಮಾನರು ಹತ್ತಕ್ಕೇ ಮುಹೂರ್ತವಿಟ್ಟು, ತೆಂಗಿನಕಾಯಿ ಹಿಡಿದು ನಿಂತರು. ಬ್ಯಾಂಕಿನ ಅಧ್ಯಕ್ಷ ಬಸವಂತರಾಯರು ಬಂದಾಗ ಹನ್ನೊಂದರ ಹತ್ತಿರ. ಕಲಬುರ್ಗಿ ಕಡೆಯಿಂದ ಕೂಲಿಯವರನ್ನು ತಂದು ಕಟ್ಟಡಗಳಿಗೆ ಒದಗಿಸಿ ದೊಡ್ಡವರಾದ ಗೃಹಸ್ಥರು ಅವರು. ಗೋಡೆಯ ಬದಿಗೆ ಸುಬ್ಬಕ್ಕ ಮತ್ತು ಉಳಿದ ಟೈಪಿಸ್ಟರು ಸಾಲಾಗಿ ನಿಂತಿದ್ದರು. ಕಿಟ್ಟು ಸ್ವಿಚ್ ಹಾಕಿದ. ಗಣಪತಿ ಬಂದ, ಬೆನ್ನಿಗೇ ಕೆಂಪು ಹಲಗೆ ಇಳಿಯಿತು. ಕಿಟ್ಟು ಸಿಕ್ಕಸಿಕ್ಕ ಕೀ ಒತ್ತಿದ, ಹಲಗೆ ಕದಲಲಿಲ್ಲ. ಹಿರಿಯಣ್ಣನವರ ಮುಖ ನೋಡಿ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಬಸವಂತರಾಯರು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ಹಿಂದೆ ಸರಿದು ಕಣ್ಣು ಕಿರಿದು ಮಾಡಿದರು. “ಏನ್ ಬರದದ, ಓದ್ರಿ,” ಎಂದರು.

ಕಿಟ್ಟು ಓದಿದ.

“ಅರೆ, ಭಾಳ ಛಲೋ ಅದ! ರಾಹುಕಾಲದಾಗ ನಾನೂ ಸಹಿ ಹಾಕಂಗಿಲ್ಲ ನೋಡ್ರಿ. ಮಶೀನಿಗೂ ಸಂಸ್ಕಾರ ಅದ!”

ಹಿರಿಯಣ್ಣನವರು ಕೂಡಲೇ ದೊಡ್ಡ ಮನುಷ್ಯರಾದರು. ಹನ್ನೆರಡು ಹೊಡೆದು ರಾಹುಕಾಲ ಮುಗಿಯುವವರೆಗೆ ಇಡ್ಲಿ ತಿನ್ನೋಣವೆಂದು ಎಲ್ಲರೂ ಒಪ್ಪಿದರು. ಮೂರ್ಖನಿಗೆ ಮೂರ್ಖ ಸಿಕ್ಕರೆ ವ್ಯಾಪಾರ ಎಷ್ಟು ಬೇಗ ಕುದುರುತ್ತದೆ!

ನನಗೆ ತಡೆಯಲಾಗಲಿಲ್ಲ. “ಸಾರ್, ನಿಮಗೆ ಅಕ್ಷರ ಕಾಣಿಸ್ಲಿಲ್ಲ, ಅಲ್ವಾ? ದೊಡ್ಡದು ಮಾಡೋ ಪ್ರೋಗ್ರಾಂ ನನ್ನ ಬ್ಯಾಗಲ್ಲೇ ಇದೆ. ನೀವು ಹ್ಞೂಂ ಅಂದ್ರೆ ಎಲ್ಲ ಯಂತ್ರಕ್ಕೂ ಹಾಕ್ಬಹುದು.”

ಬಸವಂತರಾಯರ ಮುಖ ಹಲಗೆಯಷ್ಟೇ ಕೆಂಪಾಯಿತು.

“ನನಗ ಸ್ವಚ್ಛ ಕಾಣ್ತದ,” ಎಂದರು. ಟೈಪಿಸ್ಟರ ಕಡೆ ತಿರುಗಿ, “ಇಲ್ಲಿ ಯಾರಿಗರೆ ಕಾಣಂಗಿಲ್ಲೇನ? ಇದ್ರ ಈಗೇ ಹೇಳ್ರಿ!” ಎಂದು ಗುಡುಗಿದರು.

ನಾನು ಸುಬ್ಬಕ್ಕನನ್ನೇ ನೋಡಿದೆ. ಹೇಳು ಮಾರಾಯ್ತಿ, ಒಂದೇ ಒಂದು ಮಾತು ಹೇಳು ಎಂದು ಮನಸ್ಸಿನಲ್ಲೇ ಕೂಗಿದೆ. ಅವಳು ಸೆರಗು ಸರಿಮಾಡಿಕೊಂಡಳು.

“ಚೆನ್ನಾಗಿ ಕಾಣ್ಸತ್ತೆ ಸಾರ್,” ಎಂದಳು. ನೋಡಿದ್ದು ಅವರ ಕಡೆ ಅಲ್ಲ, ಅವರ ಪಕ್ಕದ ಖಾಲಿ ಕುರ್ಚಿಯ ಕಡೆ.

ಹನ್ನೆರಡರ ಮೇಲೆ ಸಹಿ ಆಯಿತು. ಎಲ್ಲಿ ಹಾಕಬೇಕೆಂದು ಮ್ಯಾನೇಜರ್ ಬೆರಳಿಟ್ಟು ತೋರಿಸಿದ, ಬಸವಂತರಾಯರು ಅಲ್ಲಿ ಹಾಕಿದರು. ಅವರಿಗೆ ಓದುವ ಕಣ್ಣು, ತೋರಿಸುವ ಬೆರಳು, ಬಾಗಿಲು ತೆಗೆಯುವ ಕೈ ಎಲ್ಲ ಹೋದಲ್ಲಿಗೆ ತಾವಾಗಿಯೇ ಬರುತ್ತವೆ. ಅವರೇಕೆ ಕೇಳಬೇಕು?

ಸಂಜೆ ಸುಬ್ಬಕ್ಕ, ನಾನು ದಹಿಸರ್ ಸ್ಟೇಷನ್ನಿಗೆ ಒಟ್ಟಿಗೇ ನಡೆದೆವು. ಅವಳು ಬದನೆಕಾಯಿಯ ರೇಟು, ನೀರಿನ ಟ್ಯಾಂಕರು, ಏನೇನೋ ಮಾತಾಡಿದಳು. ಸೋಮವಾರ ಯಂತ್ರಗಳು ಬರುತ್ತವೆಂಬುದನ್ನು ಮಾತ್ರ ಎತ್ತಲಿಲ್ಲ. ನನಗೆ ಹಿರಿಯಣ್ಣ, ಕಿಟ್ಟು, ಬಸವಂತರಾಯ ಎಲ್ಲರ ಮೇಲೂ ಉಗುಳುವಷ್ಟು ಹೇಸಿಗೆ. ಅವಳ ಮೇಲೂ ಸಿಟ್ಟು ಬರಿಸಿಕೊಳ್ಳಲು ನೋಡಿದೆ, ಬರಲಿಲ್ಲ.

ಜೊತೆಗೆ ಹೋದಾಗಲೆಲ್ಲ ಪ್ಲಾಟ್‌ಫಾರ್ಮಿನಲ್ಲಿ ನನ್ನ ತೋಳು ಹಿಡಿದು, “ಇಂಡಿಕೇಟರ್ ಬೋರ್ಡ್ ಏನನ್ನತ್ತೆ ನೋಡೇ,” ಎನ್ನುವವಳು ಅವಳು. ಅಂದು ನನ್ನನ್ನು ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಹೋದಳು. ನನಗೆ ಕೇಳಿಸಬಾರದೆಂದು ತಗ್ಗಿಸಿದ ದನಿಯಲ್ಲಿ, ಬರುತ್ತಿದ್ದ ಗಾಡಿ ಎಲ್ಲಿ ನಿಲ್ಲುತ್ತದೆಂದು ಮೀನಿನ ಬುಟ್ಟಿ ಹಿಡಿದು ನಿಂತಿದ್ದವಳನ್ನು ಹಿಂದಿಯಲ್ಲಿ ಕೇಳಿದಳು:

“ಬಾಯಿ, ಯೇ ಬೊರಿವಲಿ ರುಕೇಗೀ ನಾ?”