ಮಾಜಿ ಅಧ್ಯಕ್ಷರ ಪರವಾಗಿ ಹಾಲಮ್ಮ

ಹುಣಸೆಮಾಳದ ಸಂತೆಕಟ್ಟೆಗೆ ಹೊಸ ಮಾಡು ಬಂದು, ನೆಲಕ್ಕೆ ಕಲ್ಲು ಹಾಸಿ, ಕಂಬಗಳಿಗೆ ಹಳದಿ ಬಣ್ಣ ಬಳಿದಾದ ಮೇಲೆ ಅದಕ್ಕೊಂದು ಹೆಸರಿಡಬೇಕು ಅನ್ನುವ ಮಾತು ಹುಟ್ಟಿತು. ಹೆಸರು ಅಂದಕೂಡಲೇ ಊರು ಎರಡು ಪಾಲಾಯಿತು. ಈ ಊರಿಗೆ ಸಂತೆ ತಂದವರೇ ಪಂಚಾಯಿತಿಯ ಮಾಜಿ ಅಧ್ಯಕ್ಷ ಗೋಪಾಲಪ್ಪ, ಅವರ ಹೆಸರೇ ಇರಲಿ ಅಂತ ಒಂದು ಗುಂಪು. ಬದುಕಿರೋ ಮನುಷ್ಯನ ಹೆಸರು ಗೋಡೆ ಮೇಲೆ ಬರೆಸಿದರೆ ಆಮೇಲೆ ಅವರನ್ನು ಹಿಡಿಯೋರು ಯಾರು ಅಂತ ಇನ್ನೊಂದು ಗುಂಪು.

ಎರಡನೇ ಗುಂಪಿಗೆಲ್ಲ ಗಂಟಲು ಹಾಲಮ್ಮನದು. ಶಿಕಾರಿಪುರದ ಕಡೆ ಅಂಬ್ಲಿಗೊಳದ ಹತ್ತಿರದಿಂದ ಸೊರಬ ತಾಲ್ಲೂಕಿನ ಈ ಊರಿಗೆ ಸೊಸೆಯಾಗಿ ಬಂದವಳು. ಗಂಡ ಭೀಮಣ್ಣ, ಒಂದು ಹಿಂಡು ಕುರಿ, ಒಂದಿಷ್ಟು ಮೆಕ್ಕೆಜೋಳದ ಹೊಲ. ಗೋಪಾಲಪ್ಪ ಅಧ್ಯಕ್ಷರಾಗಿದ್ದಾಗ ಊರ ಗೋಮಾಳಕ್ಕೆ ಬೇಲಿ ಹಾಕಿಸಿ ಅಕೇಶಿಯಾ ನೆಡಿಸಿದರು. ಅವತ್ತಿನಿಂದ ಹಾಲಮ್ಮನ ಕುರಿಗಳು ಹುಲ್ಲಿಗಾಗಿ ಹಳ್ಳ ದಾಟಿ ಸುತ್ತಬೇಕಾಯಿತು. ಕುರಿ ಸುತ್ತಿದಷ್ಟೂ ಹಾಲಮ್ಮನ ನಾಲಿಗೆ ಹರಿತವಾಯಿತು. ಗ್ರಾಮಸಭೆಯಲ್ಲಿ ಮೊದಲು ಏಳುವವಳು ಅವಳು, ಕೊನೆಗೆ ಕೂರುವವಳೂ ಅವಳೇ. ಗೋಪಾಲಪ್ಪ ಕುರ್ಚಿ ಬಿಟ್ಟು ಮನೆ ಸೇರಿದರೂ ಅವಳು ಬೈಯುವುದು ಬಿಟ್ಟಿರಲಿಲ್ಲ.

ಊರ ಮಹಿಳಾ ಸಂಘದ ಮುಂದಾಳು ಸುಮಾ ಒಂದು ಉಪಾಯ ತೆಗೆದಳು. ಗೋಪಾಲಪ್ಪನವರ ಕಾಲ ಊರಿಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ಅಂತ ಸಂತೆಕಟ್ಟೆಯಲ್ಲೇ ಒಂದು ಚರ್ಚೆ ಇಡೋದು, ಕೇಳಿದ ಮೇಲೆ ಜನ ಕೈ ಎತ್ತಿ ಹೆಸರು ತೀರ್ಮಾನ ಮಾಡೋದು. ಹಾಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನು ರೆಡಿ ಅಂದಳು.

"ನೀನು ಏನು ಹೇಳ್ತೀಯ ಅನ್ನೋದು ನಮ್ಮನೆ ಎಮ್ಮೆಗೂ ಗೊತ್ತು ಹಾಲಮ್ಮಕ್ಕ," ಅಂದಳು ಸುಮಾ. "ಅದನ್ನ ಕೇಳೋಕೆ ಮೈಕ್ ಯಾಕೆ? ಚೀಟಿ ಎತ್ತೋಣ. ಪರ ಬಂದವರು ಪರ, ವಿರೋಧ ಬಂದವರು ವಿರೋಧ."

ಮಾತಾಡಲು ಹೆಸರು ಕೊಟ್ಟವರು ಇಬ್ಬರೇ. ಒಬ್ಬಳು ಹಾಲಮ್ಮ, ಇನ್ನೊಬ್ಬಳು ಗೋಪಾಲಪ್ಪನವರ ಸೊಸೆ ನಯನ. ಪಕ್ಕದ ಊರು ಹೊಸಬಾಳೆಯ ಮಕ್ಕಳಿಗೆ ಪಾಠ ಹೇಳುವ ನಯನ ಮಾವನ ಪರವಾಗಿ ಮಾತಾಡಲು ಆಗಲೇ ಕವಿತೆಯೊಂದನ್ನೂ ಕಟ್ಟಿಟ್ಟುಕೊಂಡಿದ್ದಳು. ಚೀಟಿ ಬಿಡಿಸಿದರೆ ಅವಳದು ವಿರೋಧ. ಹಾಲಮ್ಮ ತನ್ನ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಓದು ಬಾರದವಳ ಹಾಗೆ ಸುಮಾಳ ಕೈಗೆ ಕೊಟ್ಟಳು. ಓದು ಅವಳಿಗೆ ಚೆನ್ನಾಗಿಯೇ ಬರುತ್ತಿತ್ತು.

"ಪರ," ಅಂದಳು ಸುಮಾ, ನಗು ತಡೆದುಕೊಂಡು.

ಹಾಲಮ್ಮ ಮನೆಗೆ ಬಂದವಳೇ ಕುರಿ ರೊಪ್ಪದ ಮುಂದೆ ಕುಕ್ಕರಿಸಿದಳು. ಭೀಮಣ್ಣ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದ.

"ಏನ್ರೀ, ಆ ಮನುಷ್ಯನ ಬಗ್ಗೆ ಒಂದು ಒಳ್ಳೇ ಮಾತು ಹೇಳ್ರಿ ನೋಡೋಣ."

"ಸಂತೆ ಬಂತಲ್ಲ. ಮುಂಚೆ ಕುರಿ ಮಾರೋಕೆ ಶಿಕಾರಿಪುರಕ್ಕೆ ಹೊಡ್ಕೊಂಡು ಹೋಗ್ತಿದ್ವಿ."

"ಸಂತೆ ಅವರು ತಂದಿದ್ದಲ್ಲ, ಅದಾಗೇ ಬಂತು."

"ಸಂತೆ ಅದಾಗೇ ಹೆಂಗೆ ಬರ್ತೈತೆ? ಅದೇನು ನೆಗಡಿನಾ?"

ಹಾಲಮ್ಮ ಸೆರಗು ಕೊಡವಿ ಎದ್ದಳು. ಗಂಡನ ಬುದ್ಧಿ ಸಾಲದು ಅನ್ನಿಸಿ, ಮೂಲದಲ್ಲೇ ವಿಚಾರಿಸಿದರಾಯಿತು ಅಂತ ಮಾರನೆ ದಿನ ಸೀದಾ ಗೋಪಾಲಪ್ಪನವರ ಮನೆ ಮೆಟ್ಟಿಲು ಹತ್ತಿದಳು. ಹಿಂದೆ ಅವಳು ಆ ಮೆಟ್ಟಿಲು ಹತ್ತಿದ್ದೆಲ್ಲ ಜಗಳಕ್ಕೆ. ಜಗಲಿಯಲ್ಲಿ ಕೂತಿದ್ದ ಗೋಪಾಲಪ್ಪ ಅವಳನ್ನು ಕಂಡು ಅಭ್ಯಾಸಬಲದಿಂದ ಎದ್ದು ಒಳಗೆ ಹೋಗಲು ನೋಡಿದರು.

"ಕೂತ್ಕೊಳ್ಳಿ ಅಧ್ಯಕ್ಷ್ರೇ. ನಿಮ್ಮನ್ನ ಹೊಗಳೋಕೆ ಬಂದೀನಿ. ಏನೇನು ಮಾಡಿದ್ರಿ ಹೇಳ್ರಿ."

ಗೋಪಾಲಪ್ಪನವರ ಮುಖ ಅರಳಿತು. ಒಳಗಿಂದ ಅವರ ಹೆಂಡತಿ ತಿಮ್ಮಮ್ಮ ಕಾಫಿ ತಂದಿಟ್ಟು, ಏನಾಗುತ್ತದೋ ನೋಡಿಯೇಬಿಡೋಣ ಅಂತ ಬಾಗಿಲಿಗೆ ಒರಗಿ ನಿಂತರು.

"ಮೊದಲನೇದು ರಸ್ತೆ," ಅಂದರು ಗೋಪಾಲಪ್ಪ. "ಹೊಸಬಾಳೆ ದಾರಿಯಿಂದ ಊರ ತನಕ ಡಾಂಬರು."

"ಊರ ತನಕ ಎಲ್ಲಿ ಬಂತು? ನಿಮ್ಮ ಕಣದ ಹತ್ರ ನಿಂತ್ತಲ್ಲ."

"ಅಷ್ಟಕ್ಕೇ ಬಿಲ್ಲು ಪಾಸಾಗಿದ್ದು ಮಾರಾಯ್ತಿ. ಆಯ್ತು, ನಲ್ಲಿ ತಗೋ. ಮನೆಮನೆಗೆ ನಲ್ಲಿ."

"ಮೇಲಿನ ಕೇರಿಗೆ ಮೊದಲು ಬಂತು. ನಮ್ಮ ಕಡೆಗೆ ಬರೋಷ್ಟರಲ್ಲಿ ನನ್ನ ಕೂದಲು ಬೆಳ್ಳಗಾಗಿತ್ತು."

"ಊರಲ್ಲಿ ಚುನಾವಣೆ ಗಲಾಟೆ ತಪ್ಪಿಸಿದೆ. ಕೂತು ಮಾತಾಡಿ ಎಲ್ಲ ಸೀಟೂ ಅವಿರೋಧ."

"ಹೌದು. ಪಂಚಾಯ್ತಿ ವೋಟಿಗೆ ನನ್ನ ಬೆರಳಿಗೆ ಮಸಿ ಬಿದ್ದು ಎಷ್ಟು ಕಾಲ ಆಗಿತ್ತು ಗೊತ್ತೈತಾ?"

ಗೋಪಾಲಪ್ಪ ಕಾಫಿ ಲೋಟ ಕೆಳಗಿಟ್ಟರು. "ನೀನು ಪರ ಮಾತಾಡೋಳೋ, ಹೇಗೆ?"

"ನಾನು ನೆನಪು ಮಾಡ್ಕೊಳ್ತಿದ್ದೀನಿ ಅಷ್ಟೇ."

ತಿಮ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಹಾಲಮ್ಮ ಎದ್ದು ಮೆಟ್ಟಿಲಿಳಿಯುವಾಗ ಗೋಪಾಲಪ್ಪ ಹಿಂದಿನಿಂದ ದನಿ ತಗ್ಗಿಸಿ ಕೇಳಿದರು: "ನಮ್ಮ ನಯನ ಏನು ಹೇಳ್ತಾಳಂತೆ? ನಿನ್ನ ಹತ್ರ ಏನಾದ್ರೂ ಅಂದಳಾ?"

ಆ ಮಾತಿನಲ್ಲಿ ಇದ್ದ ಪುಕ್ಕಲುತನ ಹಾಲಮ್ಮನಿಗೆ ಹೊಸದು. ಎಷ್ಟು ಬೈದರೂ ಬಗ್ಗದ ಮನುಷ್ಯ, ಸೊಸೆಯ ಬಾಯಿಂದ ಏನು ಬರುತ್ತದೋ ಅಂತ ಹೆದರಿ ಕೂತಿದ್ದಾರೆ. ಅವಳಿಗೆ ಖುಷಿಯಾಗಬೇಕಿತ್ತು. ಪೂರ್ತಿ ಆಗಲಿಲ್ಲ.

ಅದೇ ಸಂಜೆ ನಯನ ಹಾಲಮ್ಮನ ಮನೆಗೆ ಬಂದಳು.

"ಹಾಲಮ್ಮಕ್ಕ, ನನಗೆ ಒಂದೂ ತಪ್ಪು ಸಿಗ್ತಾ ಇಲ್ಲ. ನಾನು ಮದುವೆಯಾಗಿ ಬರೋ ಹೊತ್ತಿಗೆ ಮಾವ ಅಧ್ಯಕ್ಷರಾಗಿರಲಿಲ್ಲ. ನಿಮ್ಮ ಹತ್ರ ಇದ್ದಾವಂತಲ್ಲ."

ಇದ್ದವು. ಬಿತ್ತನೆ ಕಾಲದಲ್ಲಿ ನೆರೆಯವರಿಗೆ ಬೀಜ ಕೊಡುವ ಹಾಗೆ ಹಾಲಮ್ಮ ಕೈತುಂಬಾ ಕೊಟ್ಟಳು. ಗೋಮಾಳದ ಬೇಲಿ, ಕಣದ ಹತ್ತಿರ ನಿಂತ ರಸ್ತೆ, ತಡವಾಗಿ ಬಂದ ನಲ್ಲಿ, ಮತ ಹಾಕುವುದನ್ನೇ ಊರು ಮರೆತದ್ದು. ಎಲ್ಲಿ ತಡೆದು ನಿಲ್ಲಬೇಕು, ಎಲ್ಲಿ ದನಿ ಎತ್ತಬೇಕು ಅನ್ನುವುದನ್ನೂ ಹೇಳಿಕೊಟ್ಟಳು. ನಯನ ಥ್ಯಾಂಕ್ಸ್ ಹೇಳಿ ಓಣಿ ದಾಟಿದ ಮೇಲೆ ಭೀಮಣ್ಣ ಕೇಳಿದ, "ಅಲ್ಲ, ಅವಳು ನಿನ್ನ ಎದುರಾಳಿ ಅಲ್ವೇನೆ?"

ಹಾಲಮ್ಮ ಒಲೆ ಊದುವುದನ್ನು ನಿಲ್ಲಿಸಿದಳು. ತನ್ನ ಬತ್ತಳಿಕೆಯನ್ನೆಲ್ಲ ತಾನೇ ಖಾಲಿ ಮಾಡಿ ಕಳಿಸಿದ್ದು ಆಗಷ್ಟೇ ಹೊಳೆಯಿತು.

ಸಂತೆಯ ದಿನ ಮಧ್ಯಾಹ್ನ, ತರಕಾರಿಯವರು ಗಂಟು ಕಟ್ಟುವ ಹೊತ್ತಿಗೆ ಚರ್ಚೆ ಶುರುವಾಯಿತು. ಜನ ಖಾಲಿ ಬುಟ್ಟಿಗಳನ್ನು ಬೋರಲು ಹಾಕಿ ಕೂತರು. ಗೋಪಾಲಪ್ಪ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಮುಂದಿನ ಕುರ್ಚಿಯಲ್ಲಿದ್ದರು. ತನಗೂ ಈ ಸಭೆಗೂ ಸಂಬಂಧವಿಲ್ಲ, ಬೆಂಡೆಕಾಯಿ ಕೊಳ್ಳಲು ಬಂದವನು ಅನ್ನುವಂಥ ಮುಖ.

ನಯನ ಮೊದಲು ಎದ್ದಳು. ಗೋಮಾಳದಿಂದ ಶುರು ಮಾಡಿ, ಹೇಳಿಕೊಟ್ಟಲ್ಲಿ ತಡೆದು, ಹೇಳಿಕೊಟ್ಟಲ್ಲಿ ದನಿ ಎತ್ತಿ, ಒಂದೊಂದೇ ಇಟ್ಟಳು. ರಸ್ತೆ ಕಣದ ಹತ್ತಿರ ನಿಂತದ್ದನ್ನು ಹೇಳುವಾಗ ಎಲ್ಲರೂ ಗೋಪಾಲಪ್ಪನವರ ಕಡೆ ತಿರುಗಿದರು. ಅವರು ಬೇರೆ ಯಾರದೋ ಕಥೆ ಕೇಳುವ ಹಾಗೆ ತಲೆದೂಗಿದರು. ಕೊನೆಗೆ ನಯನ ತನ್ನದೇ ಒಂದು ಮಾತು ಸೇರಿಸಿದಳು:

"ಮಾವನವರು ಅಧಿಕಾರ ಬಿಟ್ಟಿದ್ದಾರೆ ಅಂತ ನೀವು ತಿಳ್ಕೊಂಡಿದ್ದೀರಿ. ನಮ್ಮ ಮನೇಲಿ ಇವತ್ತಿಗೂ ಯಾವ ಸಾರು ಅನ್ನೋದು ಅವಿರೋಧವಾಗಿಯೇ ಆಯ್ಕೆ ಆಗುತ್ತೆ."

ಸಂತೆಕಟ್ಟೆಯ ಹೊಸ ಮಾಡು ಹಾರಿಹೋಗುವಂತೆ ಜನ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ತಿಮ್ಮಮ್ಮ.

ಹಾಲಮ್ಮ ಮಾತ್ರ ನಗಲಿಲ್ಲ. ಎಲ್ಲ ಅವಳವೇ ಮಾತು, ಆದರೂ ಈ ಹುಡುಗಿಯ ಬಾಯಲ್ಲಿ ಕೇಳುವಾಗ ಅವು ಮೈಗೆ ಒಗ್ಗದ ರವಿಕೆಯಂತೆ ಅಲ್ಲಲ್ಲಿ ಚುಚ್ಚಿದವು. ನಿಜ, ಆದರೆ ಅಷ್ಟೇ ಅಲ್ಲವಲ್ಲ ಅನ್ನಿಸಿತು. ಸುಮಾ ಹೆಸರು ಕೂಗುವ ಮೊದಲೇ ಅವಳು ಮೈಕಿನ ಮುಂದೆ ನಿಂತಿದ್ದಳು.

"ನೋಡು ನಯನವ್ವ. ಇವರನ್ನ ಬೈಯೋಕೆ ನಿನಗೇನು ಹಕ್ಕೈತೆ? ನೀನು ಆಗ ಇಲ್ಲಿದ್ದೆಯಾ? ರಸ್ತೆ ಅವರ ಕಣದ ಹತ್ರ ನಿಂತ್ತು, ಹೌದು. ಅದಕ್ಕಿಂತ ಮುಂಚೆ ಅದು ಎಲ್ಲಿ ನಿಂತಿತ್ತು ಗೊತ್ತಾ? ಹೊಸಬಾಳೆಯಲ್ಲಿ. ನನ್ನ ಮೊದಲನೇ ಹೆರಿಗೆಗೆ ಈ ಭೀಮಣ್ಣ ನನ್ನನ್ನ ಗಾಡಿಯಲ್ಲಿ ಮಲಗಿಸಿಕೊಂಡು ಅಲ್ಲೀತನಕ ಹೋದ. ಕೆಸರಲ್ಲಿ ಎತ್ತು ಮಲಗಿಬಿಡ್ತು. ನಾನು ಇಳಿದು ಎತ್ತನ್ನ ಎಬ್ಬಿಸಿದೆ."

ಭೀಮಣ್ಣ ಬುಟ್ಟಿಯ ಮೇಲೆ ಕೂತಲ್ಲೇ ಹೌದು ಅಂತ ತಲೆಯಾಡಿಸಿದ.

"ಎರಡನೇ ಹೆರಿಗೆಗೆ ಆಟೋ ಬಂತು. ಅವರ ಕಣದ ತನಕ. ಅಲ್ಲಿಗೆ ನಾನು ನಡ್ಕೊಂಡು ಹೋದೆ. ನಲ್ಲಿ ತಡವಾಗಿ ಬಂತು, ಖರೆ. ನಾನು ಈ ಅಧ್ಯಕ್ಷ್ರಿಗೆ ಅದಕ್ಕೇ ಬೈದೀನಿ, ಮುಂದೂ ಬೈತೀನಿ. ಆದ್ರೆ ಒಂದು ಮಾತು. ಇವರಿಗಿಂತ ಮುಂಚಿನ ಸಭೆಗಳಲ್ಲಿ ನಮ್ಮಂಥ ಹೆಂಗಸರು ಗೋಡೆ ಆಚೆ ನಿಂತು ಕೇಳ್ತಿದ್ವಿ. ನಾನು ಮೊದಲನೇ ಸಲ ಒಳಗೆ ನುಗ್ಗಿ ಬೈದಾಗ, ಕೂರಿಸಿ ಅಂತ ಎಲ್ಲಾ ಕೂಗಿದ್ರು. ಇವರು ಮೈಕ್ ತಗೊಂಡು ನನ್ನ ಮುಂದೆ ಇಟ್ರು. ಸರಿಯಾಗಿ ಕೇಳಲಿ, ಬೈಯಮ್ಮ ಅಂದ್ರು."

ಹಿಂದಿನಿಂದ ಯಾರೋ ಕೂಗಿದರು: "ನೀನು ಬೈದು ಮುಗಿಸೋಷ್ಟರಲ್ಲಿ ಕತ್ತಲಾಗೋದು. ಬೇರೆಯವರ ಪ್ರಶ್ನೆಗೆ ಟೈಮೇ ಇರ್ತಿರಲಿಲ್ಲ. ಅದಕ್ಕೇ ಕೊಟ್ಟಿದ್ದು."

ಇದು ಹಾಲಮ್ಮನಿಗೆ ಎಂದೂ ಹೊಳೆದಿರಲಿಲ್ಲ. ಗೋಪಾಲಪ್ಪನವರ ಕಡೆ ನೋಡಿದಳು. ಅವರು ತಮ್ಮ ಚಪ್ಪಲಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ಇರಬಹುದು," ಅಂದಳು ಹಾಲಮ್ಮ. "ಯಾಕೆ ಕೊಟ್ರೋ ಅವರಿಗೇ ಗೊತ್ತು. ನನಗಂತೂ ಸಿಕ್ತು. ಸಿಕ್ಕಿದ್ದನ್ನ ನಾನು ವಾಪಸ್ ಕೊಡಲಿಲ್ಲ. ಇವತ್ತೂ ಕೈಯಲ್ಲೇ ಐತೆ."

ಅವಳು ಮೈಕನ್ನು ಸುಮಾಳ ಕೈಗಿಟ್ಟು ಬಂದು ಕೂತಾಗ ಚಪ್ಪಾಳೆ ನಿಲ್ಲುವ ಲಕ್ಷಣ ಕಾಣಲಿಲ್ಲ. ಸುಮಾ ಎರಡೆರಡು ಸಲ ಕೂಗಿ ಸದ್ದಡಗಿಸಿ, ಗೋಪಾಲಪ್ಪನವರ ಹೆಸರು ಬೇಕು ಅನ್ನುವವರು ಕೈ ಎತ್ತಿ ಅಂದಳು. ಎರಡೂ ಗುಂಪಿನ ಕೈಗಳು ಎದ್ದವು. ವಿರೋಧ ಮಾತಾಡಿದ ನಯನಳ ಕೈ ಮೊದಲು ಎದ್ದಿತು. ಭೀಮಣ್ಣ ಹೆಂಡತಿಯ ಮುಖ ನೋಡದೆ ತನ್ನ ಕೈಯನ್ನೂ ಎತ್ತಿದ.

ಹಾಲಮ್ಮನ ಕೈಗಳು ಮಡಿಲಲ್ಲೇ ಇದ್ದವು.

"ಹಾಲಮ್ಮಕ್ಕ, ಎತ್ತು. ನೀನೇ ಗೆಲ್ಲಿಸಿದ್ದು," ಅಂದಳು ಸುಮಾ.

"ಚೀಟಿ ಬಂತು, ಮಾತಾಡಿದೆ. ಮತ ನನ್ನದು."

ಗೋಪಾಲಪ್ಪ ಎದ್ದು ನಿಂತರು. ಎಲ್ಲ ಸಿಕ್ಕಿಯೂ ಒಂದು ಕೈ ಸಿಗದ ಸಂಕಟ ಮುಖದಲ್ಲಿ ಎದ್ದು ಕಾಣುತ್ತಿತ್ತು. "ಒಂದೇ ಒಂದು ಕೈ, ಹಾಲಮ್ಮ. ಎತ್ತಿಬಿಡು. ಅವಿರೋಧ ಆಗಲಿ."

"ಬ್ಯಾಡ್ರಿ. ವಿರೋಧ ಒಂದು ಅಂತ ಬರೀರಿ."

ಸುಮಾ ಸಂಘದ ಪುಸ್ತಕದಲ್ಲಿ ಹಾಗೆಯೇ ಬರೆದಳು.

ಗೋಡೆಯ ಮೇಲೆ ಹೆಸರು ಬಂತು. ಗೋಪಾಲಪ್ಪ ದಿನಾ ಒಂದಲ್ಲ ಒಂದು ನೆವದಿಂದ ಆ ಕಡೆ ಹೋಗಿ ನೋಡಿ ಬರುತ್ತಿದ್ದರು. ಆದರೂ ಆ ಒಂದು ಕೈ ಅವರಿಗೆ ಊಟದಲ್ಲಿ ಸಿಕ್ಕ ಕಲ್ಲಿನಂತೆ ಆಗಿತ್ತು. ಒಂದು ಬೆಳಿಗ್ಗೆ ತಡೆಯಲಾರದೆ ಹಾಲಮ್ಮನ ರೊಪ್ಪದ ಹತ್ತಿರ ಬಂದರು. ಅವರಾಗಿ ಅಲ್ಲಿಗೆ ಬಂದದ್ದು ಅದೇ ಮೊದಲು.

"ಅಷ್ಟು ಚೆನ್ನಾಗಿ ಮಾತಾಡಿದೆ. ಆಮೇಲೆ ಏನಾಯ್ತು ನಿನಗೆ?"

"ಗೋಮಾಳ ಐತಲ್ಲ ಅಧ್ಯಕ್ಷ್ರೇ. ಅದಕ್ಕೆ ನನ್ನ ಹತ್ರ ಒಳ್ಳೇ ಮಾತು ಸಿಗಲಿಲ್ಲ. ಹುಡುಕಿದೆ."

ಗೋಪಾಲಪ್ಪ ಕುರಿಗಳನ್ನು ನೋಡಿದರು. ಸೊರಗಿದ ಒಂದು ಮರಿ ಬಂದು ಅವರ ಪಂಚೆಯ ಅಂಚನ್ನು ನೆಕ್ಕಿತು. "ಆ ಅಕೇಶಿಯಾ ಮರ ಕಡಿದ ಮೇಲೆ ಜಾಗ ಬೋಳಾಗೇ ಬಿದ್ದಿದೆ," ಅಂದರು ತಮಗೆ ತಾವೇ ಅನ್ನುವ ಹಾಗೆ. "ಬೇಲಿ ಇನ್ನೂ ಇದೆ, ಅಲ್ಲವಾ?"

"ಐತೆ. ನೀವೇ ಹಾಕಿಸಿದ್ದು. ಗಟ್ಟಿ ಐತೆ."

ಮುಂದಿನ ಗ್ರಾಮಸಭೆಗೆ ಗೋಪಾಲಪ್ಪ ಅರ್ಜಿ ಹಿಡಿದು ಬಂದರು. ಈಗಿನ ಅಧ್ಯಕ್ಷೆ ರಜನಿ, ಸರದಿ ಬರುವ ತನಕ ಅವರನ್ನು ಬೆಂಚಿನ ಮೇಲೆ ಕೂರಿಸಿದರು. ಕುರಿಗಳಿಗೆ ಬೇಲಿ ತೆರೆಯಬೇಕು ಅಂತ ಅವರು ಎದ್ದು ಹೇಳಿದಾಗ, ಯಾರು ಹಾಕಿಸಿದ್ದು ಅದನ್ನು ಅಂತ ರಜನಿ ಕೇಳಿದರು. ಗೋಪಾಲಪ್ಪ ಕೆಮ್ಮಿದರು. ಹೆಂಗಸರ ಸಾಲಿನಿಂದ ಹಾಲಮ್ಮ, ಯಾರು ಹಾಕಿಸಿದ್ರೆ ಏನ್ರಿ, ತೆಗೆಯೋ ಮಾತಾಡ್ರಿ ಅಂತ ಗದರಿದಳು. ಕೊನೆಗೆ ಅರ್ಧ ಜಾಗವನ್ನು ಮೇವಿಗೆ ಬಿಡುವುದೆಂದು ತೀರ್ಮಾನವಾಯಿತು. ಉಳಿದರ್ಧದ ಮಾತು ಮುಂದಿನ ಸಭೆಗೆ ಹೋಯಿತು.

ಹೊರಗೆ ಬಂದಾಗ ಗೋಪಾಲಪ್ಪ ಗೆದ್ದ ಹುರುಪಿನಲ್ಲಿದ್ದರು. "ಈಗ ಆ ವಿರೋಧ ಒಂದು ಅನ್ನೋದನ್ನ ಹೊಡೆದುಹಾಕಿಸೋಣವಾ, ಹಾಲಮ್ಮ?"

"ಅರ್ಧ," ಅಂದಳು ಹಾಲಮ್ಮ, ಚಪ್ಪಲಿ ಮೆಟ್ಟುತ್ತ. "ಅರ್ಧ ಹೊಡೆದುಹಾಕಿಸಿ."